ಪಾದ್ರಿ ರಾಯಭಾರಿ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ರಾಯಭಾರಿಗಳೇ, ಊಟದ ಹೊತ್ತು ಹತ್ತಿರವಾದರೂ ಕದಲದೆ ಕುಳಿತಿರುವ ಸಭಿಕರೇ,

ಹೊಗಳುವುದು ನನ್ನ ವೃತ್ತಿಯಾಗಿತ್ತು. ಮೂವತ್ತೈದು ವರ್ಷ ಪರದೇಶದ ಮಂತ್ರಿಗಳನ್ನು ಹೊಗಳಿ ಸಂಬಳ ತೆಗೆದುಕೊಂಡವನು ನಾನು. ಇಂದು ಸಂಬಳವಿಲ್ಲದೆ ಹೊಗಳುತ್ತಿದ್ದೇನೆ. ಆದ್ದರಿಂದ ನಿಜವನ್ನೇ ಹೇಳಿಯೇನು.

ಇಲಾಖೆಯಲ್ಲಿ ನಾವು ಇವರನ್ನು ‘ಪಾದ್ರಿ’ ಎಂದೇ ಕರೆಯುತ್ತಿದ್ದೆವು. ಹೆತ್ತವರು ದುಡಿಯಲೆಂದು ಕಡಲಾಚೆಯ ದೇಶಕ್ಕೆ ಹೋಗಿ ಅಲ್ಲಿಯೇ ಜ್ವರದಿಂದ ತೀರಿಕೊಂಡಾಗ ಇವರಿಗೆ ಎರಡು ವರ್ಷ. ಅಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಮಿಷನರಿ ದಂಪತಿ ಸಾಕಿಕೊಂಡರು. ಮಗು ತನ್ನ ನುಡಿಯನ್ನು ಮರೆಯಬಾರದೆಂದು ಆ ತಾಯಿ ಹಳೆಯ ವ್ಯಾಕರಣ ಪುಸ್ತಕವೊಂದನ್ನು ತರಿಸಿ, ಮೊದಲು ತಾವು ಅಕ್ಷರ ತಿದ್ದಿ, ಆಮೇಲೆ ಇವರ ಕೈ ಹಿಡಿದು ತಿದ್ದಿಸಿದರು. ಫಲವೇನಾಯಿತು? ಕೆಲಸಕ್ಕೆ ಸೇರಿದ ಮೊದಲ ದಿನ ಇವರು ಜವಾನನಿಗೆ, “ಅಯ್ಯಾ, ಕಿಟಕಿಯನ್ನು ತೆರೆಯುವಂಥವನಾಗು” ಎಂದರು. ಅವನು ಕಿಟಕಿ ಬಿಟ್ಟು ಕೈಮುಗಿದು ನಿಂತ.

ನಾವೆಲ್ಲ ನಕ್ಕೆವು. ನಾನು ತುಸು ಹೆಚ್ಚೇ ನಕ್ಕೆ. ಮೇಲಧಿಕಾರಿಯ ನಗುವಿಗೆ ತೂಕ ಜಾಸ್ತಿಯಲ್ಲವೇ?

ಹಡಗಿನ ವಿಷಯಕ್ಕೆ ಬರುತ್ತೇನೆ. ಇವರು ಬೆಳೆದ ಆ ದೇಶದವರೇ ನಮ್ಮ ಹತ್ತೊಂಬತ್ತು ನಾವಿಕರನ್ನು ಬಂದರಿನಲ್ಲಿ ಹಿಡಿದಿಟ್ಟಿದ್ದರು. ನಮ್ಮ ಹಡಗು ದೋಣಿಯೊಂದಕ್ಕೆ ಬಡಿದು ಅವರ ಮೀನುಗಾರನೊಬ್ಬ ಮುಳುಗಿ ಸತ್ತಿದ್ದ. ಮಾತುಕತೆಗೆ ಹೋದ ತಂಡಕ್ಕೆ ನಾನು ಮುಖ್ಯಸ್ಥ, ಇವರು ಟಿಪ್ಪಣಿ ಬರೆಯುವವರು. ನಾಲ್ಕು ದಿನ ಮೇಜಿನ ಎರಡೂ ಕಡೆ ಅದೇ ಕಾಗದ, ಅದೇ ಮಾತು. ನಾಲ್ಕನೆಯ ದಿನ ಅವರ ಮಂತ್ರಿ ಪಕ್ಕದವನ ಬಳಿ ತಮ್ಮ ಭಾಷೆಯಲ್ಲಿ ಏನೋ ಗೊಣಗಿದರು. ಸತ್ತವನ ಹೆಸರನ್ನು ಕೂಡ ನಾವು ಕೇಳಲಿಲ್ಲವೆಂದು ಅವರಿಗೆ ಬೇಸರ, ಎಂದು ಇವರು ನನ್ನ ಕಿವಿಯಲ್ಲಿ ಉಸುರಿದರು. ಹೆಸರು ಕೇಳಲು ಮೇಲಿನಿಂದ ಆದೇಶವಿಲ್ಲ ಎಂದೆ. ಇರಲಿಲ್ಲ, ನಿಜವಾಗಿಯೂ ಇರಲಿಲ್ಲ.

ಸಂಜೆ ಇವರು ಯಾರಿಗೂ ಹೇಳದೆ ಮೀನುಗಾರರ ಕೇರಿಗೆ ಹೋಗಿ, ಸತ್ತವನ ಹೆಂಡತಿಯ ಎದುರು ನೆಲದ ಮೇಲೆ ಕುಳಿತು, ಆಕೆಯ ಭಾಷೆಯಲ್ಲೇ ಕ್ಷಮೆ ಕೇಳಿ ಬಂದರು. ಮರುದಿನ ಮಧ್ಯಾಹ್ನ ನಾವಿಕರ ಬಿಡುಗಡೆಯಾಯಿತು. ನನಗೆ ಪದಕ ಬಂತು. ಅಪ್ಪಣೆಯಿಲ್ಲದೆ ಹೋದದ್ದಕ್ಕೆ ಇವರಿಗೆ ಮೆಮೊ ಹೋಯಿತು. ಸಹಿ ನನ್ನದೇ. ಶಿಸ್ತು ಎಂದರೆ ಶಿಸ್ತು, ಅಲ್ಲವೇ ಸಭಿಕರೇ?

ಆ ದೇಶದ ಮೇಲೆ ಇವರಿಗೆ ಮಮತೆ ಹೆಚ್ಚು, ಅಲ್ಲಿಗೆ ನೇಮಿಸಬಾರದು ಎಂದು ಗೋಪ್ಯ ವರದಿಯಲ್ಲಿ ಬರೆದೆ. ಒಂದೇ ಸಾಲು. ಇಪ್ಪತ್ತಾರು ವರ್ಷ ಅದು ಅಳಿಯಲಿಲ್ಲ. ಇವರು ಏಳು ದೇಶಗಳಲ್ಲಿ ಕೆಲಸ ಮಾಡಿದರು, ಅದೊಂದನ್ನು ಬಿಟ್ಟು.

ಹಡಗಿನ ಪ್ರಸಂಗ ನಡೆದ ಮೂರು ವರ್ಷದ ಮೇಲೆ ಆ ಸಾಕುತಾಯಿ ಹಾಸಿಗೆ ಹಿಡಿದರು. ಇವರು ರಜೆ ಕೇಳಿದರು. ತಂದೆತಾಯಿಯ ಕಾಯಿಲೆಗೆ ಕೂಡಲೇ ರಜೆ ಉಂಟು. ಆದರೆ ಇವರ ಬಳಿ ದತ್ತಕದ ಕಾಗದವಿರಲಿಲ್ಲ. ಕಡತದ ಮೇಲೆ ‘ಚರ್ಚಿಸಿ’ ಎಂದು ಬರೆದೆ. ಆ ಒಂದು ಪದಕ್ಕೆ ಕಡತ ಹದಿನೈದು ದಿನ ಮಲಗುತ್ತದೆಂದು ಇಲ್ಲಿರುವ ಗುಮಾಸ್ತರಿಗೆಲ್ಲ ಗೊತ್ತು. ಇವರು ಹೋಗಿ ಮುಟ್ಟುವಷ್ಟರಲ್ಲಿ ಆಕೆಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ಮರಳಿ ಬಂದವರು ನನ್ನ ಮೇಜಿನ ಮುಂದೆ ನಿಂತು ಅದೇ ಪುಸ್ತಕದ ಭಾಷೆಯಲ್ಲಿ ಹೇಳಿದರು: “ಸ್ವಾಮಿ, ನನಗೆ ತಾಯಿಯೇ ಇರಲಿಲ್ಲವೆಂದು ದಯಮಾಡಿ ಬರೆದುಕೊಡಿರಿ.”

ಅಂದು ನನಗೆ ನಗು ಬರಲಿಲ್ಲ. “ಕೂತ್ಕೊಳಪ್ಪ, ನೀರು ಕುಡಿ” ಅಂದೆ. ಅವರು ಕೂರಲಿಲ್ಲ. ನಾನು ಬರೆಯಲೂ ಇಲ್ಲ.

ಇಷ್ಟೆಲ್ಲ ಹೇಳಬೇಕೆಂದು ಬಂದವನಲ್ಲ. “ನಿಮ್ಮ ಬಗ್ಗೆ ಯಾರು ಮಾತಾಡಲಿ?” ಎಂದು ಕಾರ್ಯದರ್ಶಿಗಳು ಕೇಳಿದಾಗ ಇವರು ನನ್ನ ಹೆಸರು ಹೇಳಿದರಂತೆ. ನನಗೆ ಆಶ್ಚರ್ಯ. ಫೋನ್ ಮಾಡಿ, “ನಾನೇ ಯಾಕಪ್ಪ? ನಿನಗೆ ಬೇಕಾದಷ್ಟು ಸ್ನೇಹಿತರಿದ್ದಾರಲ್ಲ” ಎಂದೆ.

“ನಡೆದುದನ್ನೆಲ್ಲ ಬಲ್ಲವರು ತಾವೊಬ್ಬರೇ” ಎಂದರು.

ಹೊಗಳಿಕೆ ಎಂದುಕೊಂಡು ಕೋಟು ಇಸ್ತ್ರಿ ಮಾಡಿಸಿ ಬಂದೆ. ರಾಯಭಾರಿ ಎಂದರೆ ಇವರೇ ನೋಡಿ. ತಾವು ತುಟಿ ಬಿಚ್ಚದೆ ಎಲ್ಲವನ್ನೂ ನನ್ನ ಬಾಯಿಂದಲೇ ಆಡಿಸಿದರು.

ಅರ್ಧ ಗಂಟೆ ಸಹಿಸಿಕೊಂಡ ನಿಮಗೂ, ಅರ್ಧ ಆಯುಷ್ಯ ಸಹಿಸಿಕೊಂಡ ಇವರಿಗೂ ನಾನು ಋಣಿ. ನಮಸ್ಕಾರ.