ಚೈನಿಗೆ ಮುಚ್ಚಳ ಇದೆ

ಹಲೋ… ಯಾರು ಮಾತಾಡ್ತಿರೋದು?… ಹಾಂ, ತನುಜಾನೇ. ಹೊಲಿಗೆ ಮಷಿನ್ ರಿಪೇರಿಗಾದ್ರೆ ಹಬ್ಬ ಮುಗಿಸ್ಕೊಂಡು ಬನ್ನಿ, ಇವತ್ತು ಕೈ ಖಾಲಿ ಇಲ್ಲ… ಯಾರು, ಟೈಲರ್ ಸುಬ್ಬಪ್ಪನೋರಾ?

… ಓ, ವಿಜಯಕುಮಾರಣ್ಣ! ಇದ್ಯಾರ ನಂಬರು ಮಾರಾಯ?… ಹೋಟ್ಲು ಅಡುಗೆಯವನದ್ದಾ? ನಿನ್ನ ನಂಬರ್ ನೋಡಿದ್ರೆ ನಾನು ಎತ್ತಲ್ಲ ಅಂತ ಗೊತ್ತಾಗಿದೆ ನಿಂಗೆ… ಹೌದು, ಬೆಳಗ್ಗೆಯಿಂದ ನೀನು ಏಳು ಸಲ ಮಾಡಿದ್ದೆ. ನಾನು ನೋಡ್ದೆ. ಬೇಕಂತ್ಲೇ ಎತ್ತಲಿಲ್ಲ.

… ಎಲ್ಲಿರ್ತೀನಿ? ಆಲ್ಕೊಳದಲ್ಲಿ, ನನ್ನ ಮನೇಲಿ, ಹಿಂದಿನ ಶೆಡ್ಡಲ್ಲಿ. ಅಪ್ಪನ ಯೆಜ್ಡಿ ಬೈಕ್ ಮುಂದೆ ಮಣೆ ಹಾಕ್ಕೊಂಡು ಕೂತಿದೀನಿ. ಕೈಯೆಲ್ಲ ಗ್ರೀಸು. ಫೋನು ಸ್ಪೀಕರಿಗೆ ಹಾಕಿ ಸ್ಟೂಲ್ ಮೇಲೆ ಇಟ್ಟಿದೀನಿ, ಜೋರಾಗಿ ಮಾತಾಡು.

… ಏನು? ಇನ್ನೊಂದ್ಸಲ ಹೇಳು… ಈ ಗಾಡಿ ಹೊತ್ಕೊಂಡು ಹೋಗೋಕೆ ಹಾಲೇಶಣ್ಣನ ಲಗೇಜ್ ಆಟೋ ಕಳಿಸಿದೀಯಾ? ನನ್ನ ಕೇಳದೇನೇ?… ಭದ್ರಾವತಿ ಬಿಟ್ಟು ಎಷ್ಟೊತ್ತಾಯ್ತು?… ಹಾಗಾದ್ರೆ ಈಗ ಸರ್ಕಲ್ ಹತ್ರ ಬಂದಿರ್ತಾರೆ ಅನ್ನು.

… ಗೊತ್ತು ಅಣ್ಣ. ನಾಳೆ ಆಯುಧ ಪೂಜೆ, ನಾಳೆನೇ ನಿನ್ನ ಹೋಟ್ಲು ಓಪನಿಂಗು. ಸಂತೋಷ. ಇಡ್ಲಿ ಚೆನ್ನಾಗಿ ಬರ್ಲಿ. ಆದ್ರೆ ಹೋಟ್ಲಿಗೂ ಈ ಗಾಡಿಗೂ ಏನು ಸಂಬಂಧ?… ಬಾಗಿಲ ಮುಂದೆ? ಕಟ್ಟೆ ಕಟ್ಟಿಸಿದೀಯಾ?… ಚಕ್ರ ಅಲ್ಲಾಡಬಾರದು ಅಂತ ಬೋಲ್ಟ್ ಹಾಕಿ ಸಿಮೆಂಟಲ್ಲಿ ಕೂರಿಸ್ತೀಯಾ? ಮೇಲೆ ಹಾರ ಬೇರೆ?… ಬಂದೋರೆಲ್ಲ ಅದ್ರ ಜೊತೆ ಫೋಟೋ ತೆಗೆಸ್ಕೋತಾರೆ ಅಂತೀಯಾ. ಹೂಂ.

… ಇಲ್ಲ.

… ಇಲ್ಲ ಅಂದೆ. ಕೇಳಿಸ್ಲಿಲ್ವಾ? ಕೊಡಲ್ಲ.

… ಮಾತು ಅಂದ್ರೆ ಮಾತೇ, ಒಪ್ತೀನಿ. ಹೋದ ವರ್ಷ ಭದ್ರಾವತಿ ಓಲ್ಡ್ ಟೌನ್ ಮನೇಲಿ, ಇದೇ ಆಯುಧ ಪೂಜೆ ದಿನ, ಆರತಿ ತಟ್ಟೆ ಕೈಯಲ್ಲಿ ಹಿಡ್ಕೊಂಡು, ಅವ್ವನ ಮುಂದೆ ನೀನೇ ಹೇಳಿದ್ದು. "ಬರೋ ಆಯುಧ ಪೂಜೆ ಒಳಗೆ ಇದನ್ನ ಓಡಿಸಿದ್ರೆ ಗಾಡಿ ನಿಂದು, ಇಲ್ಲಾಂದ್ರೆ ತಂದು ಇಲ್ಲೇ ನಿಲ್ಲಿಸು." ಅಲ್ವಾ? ಹೇಳಿ ನಕ್ಕೆ ಬೇರೆ. ಹೊಲಿಗೆ ಮಷಿನ್ ಅಲ್ಲಮ್ಮ ಇದು ಅಂದೆ.

… ನಾಳೆ ಅಂದ್ರೆ ನಾಳೆ. ಇವತ್ತು ಈಗಿನ್ನೂ ಸಂಜೆ ನಾಲ್ಕು ಗಂಟೆ.

… ಸ್ಟಾರ್ಟ್ ಆಯ್ತಾ ಅಂತ ಕೇಳ್ತೀಯಾ… ಆಗುತ್ತೆ… ಆಗುತ್ತೆ ಅಂದೆ, ಆಗಿದೆ ಅನ್ನಲಿಲ್ಲ… ಸರಿ ಬಿಡು, ಸುಳ್ಳು ಯಾಕೆ. ಆಗಿಲ್ಲ. ಬೆಳಗ್ಗೆಯಿಂದ ನಲವತ್ತು ಕಿಕ್ ಹೊಡೆದಿರಬಹುದು. ಕಾಲಿನ ಮೀನಖಂಡ ಹಿಡ್ಕೊಂಡಿದೆ. ಕಿಡಿ ಬರ್ತಿದೆ, ಪೆಟ್ರೋಲ್ ಬರ್ತಿದೆ, ಆದ್ರೂ ಉಸಿರು ಬಿಡ್ತಿಲ್ಲ.

… ನಗು. ಚೆನ್ನಾಗಿ ನಗು. ಇದ್ರ ಉಸಿರು ನಿಲ್ಲಿಸಿದ್ದು ಯಾರು ಅಂತ ಹೇಳ್ಲಾ? ನೀನು! ನೀನೇ ಅಣ್ಣ. ಅಪ್ಪ ಹೋದ್ಮೇಲೆ ಹದಿಮೂರು ವರ್ಷ, ಒಂದು ಹಬ್ಬ ಬಿಡದೆ ಪೈಪ್ ಹಿಡಿದು ತೊಳೆದ್ಯಲ್ಲ. ಪ್ಲಗ್ ಬಿಚ್ಚಿ ಎಲ್ಲೋ ಕಳೆದಿದ್ದೆ. ಆ ತೂತಿಗೆ ಒಂದು ಬಟ್ಟೆ ಚೂರಾದ್ರೂ ತುರುಕಿದ್ಯಾ?… ಭಕ್ತಿಯಿಂದಾನೇ ಮಾಡಿದೆ, ಯಾರು ಇಲ್ಲ ಅಂದ್ರು? ಹೆಡ್ ಬಿಚ್ಚಿದಾಗ ಸಿಲಿಂಡರ್ ಒಳಗೆ ಏನು ಸಿಕ್ತು ಗೊತ್ತಾ? ಅಕ್ಷತೆ! ಪಿಸ್ಟನ್ ತಲೆ ಮೇಲೆ ವಿಭೂತಿ ಕೆಸರು ಕಟ್ಟಿ ಕಲ್ಲಾಗಿತ್ತು. ಪೂಜೆ ಮಾಡಿ ಮಾಡಿ ಕೊಂದಿದೀಯಾ ಮಾರಾಯ.

… ನಾನು ದೇವರನ್ನ ಬೈತಿಲ್ಲ, ಅದನ್ನ ನನ್ನ ತಲೆಗೆ ಕಟ್ಬೇಡ. ನನ್ನ ಸ್ಪ್ಯಾನರ್‌ಗಳಿಗೆ ನಾನೂ ಪೂಜೆ ಮಾಡ್ತೀನಿ. ಆದ್ರೆ ಒರೆಸಿ, ಎಣ್ಣೆ ಹಚ್ಚಿ, ಆಮೇಲೆ ಕುಂಕುಮ ಇಡ್ತೀನಿ.

… ಏನು ಮಾಡಿದೆ ಅಂತ ಕೇಳ್ತೀಯಾ? ಪಿಸ್ಟನ್ ಅಲ್ಲಾಡೋಕೇ ಹನ್ನೊಂದು ದಿನ ಡೀಸೆಲ್ ಕುಡಿಸ್ದೆ. ಲೇತ್ ಅಂಗಡಿಗೆ ಹೊತ್ಕೊಂಡು ಹೋಗಿ ಸಿಲಿಂಡರ್ ಬೋರ್ ಮಾಡಿಸ್ದೆ. ಟ್ಯಾಂಕ್ ಒಳಗೆ ಬರೀ ತುಕ್ಕು. ತುಕ್ಕು ಉದುರ್ಲಿ ಅಂತ ಹಿಡಿ ನಟ್ಟು ಹಾಕಿ, ಹಳೇ ಸೀರೇಲಿ ಕಟ್ಟಿ, ತೊಟ್ಲು ತೂಗೋ ಹಾಗೆ ಮೂರು ದಿನ ತೂಗಿದೀನಿ. ಸೀಟಿನ ಕವರ್ ನಾನೇ ಹೊಲಿದೆ, ಸುಬ್ಬಪ್ಪನೋರ ದೊಡ್ಡ ಮಷಿನಲ್ಲಿ. ಒಂದು ವರ್ಷ ಅಣ್ಣ, ಒಂದು ಭಾನುವಾರ ಬಿಟ್ಟಿಲ್ಲ. ಸಿಮೆಂಟಲ್ಲಿ ಹೂಳೋಕೆ ಮಾಡಿದ್ದಾ ಇದನ್ನ?

… ಅಪ್ಪನ ಹೆಸರು ಉಳಿಯುತ್ತೆ? ಅಪ್ಪ ಕಾರ್ಖಾನೇಲಿ ಫಿಟ್ಟರ್ ಆಗಿದ್ದೋರು. ನಿಂತ ಮಷಿನ್ ನೋಡಿದ್ರೆ ಊಟ ಸೇರ್ತಿರಲಿಲ್ಲ ಅವರಿಗೆ.

… ಅವ್ವನಿಗೂ ಅದೇ ಇಷ್ಟ ಅಂತೀಯಾ? ಅವ್ವ ಹೇಳಿದ್ಲಾ?… ಎಲ್ಲಿದಾಳೆ?… ಪಕ್ಕದಲ್ಲೇ ಇದ್ರೆ ಕೊಡು ಫೋನು… ಮಲಗಿದಾಳೆ ಅಂತ ಹೇಳ್ಬೇಡ, ಈಗ್ತಾನೆ ಕೆಮ್ಮಿದ್ದು ಕೇಳಿಸ್ತು. ಕೊಡು ಅಣ್ಣ.

… ಅವ್ವಾ… ಹಾಂ, ನಾನೇ. ಊಟ ಆಯ್ತಾ?… ನಂದೂ ಆಯ್ತು. ಅವ್ವ, ಒಂದೇ ಮಾತು. ಗಾಡಿ ಹೋಟ್ಲು ಮುಂದೆ ನಿಲ್ಲಿಸೋದಕ್ಕೆ ನೀನು ಹೂಂ ಅಂದ್ಯಂತೆ, ಹೌದಾ?… ಅಂದಿಲ್ವಾ?… ನಿನ್ನ ಯಾರೂ ಕೇಳೇ ಇಲ್ವಾ?… ಸರಿ. ಅಷ್ಟು ಸಾಕು ನಂಗೆ.

… ತಡಿ ಅವ್ವ, ಗೇಟ್ ಹತ್ರ ಯಾರೋ ಹಾರ್ನ್ ಹೊಡೀತಿದಾರೆ… ಹಾಲೇಶಣ್ಣ! ಅಲ್ಲೇ ನಿಲ್ಸಿ ಆಟೋ, ಒಳಗೆ ತರಬೇಡಿ!… ಹಗ್ಗ ಪಗ್ಗ ಏನೂ ಬಿಚ್ಚಬೇಡಿ. ನೀರು ಬೇಕಾದ್ರೆ ನಲ್ಲಿ ಅಲ್ಲೇ ಇದೆ, ಕುಡೀರಿ. ಗಾಡಿ ಮುಟ್ಟಿದ್ರೆ ಮಾತ್ರ ನೋಡಿ!

… ಹೂಂ ಅವ್ವ, ಹಾಲೇಶಣ್ಣನೇ. ಬಂದೇಬಿಟ್ರು… ಆಗ್ತಿಲ್ಲ ಅವ್ವ, ಸ್ಟಾರ್ಟೇ ಆಗ್ತಿಲ್ಲ. ನಂಗೆ ಅಳು ಬರ್ತಿದೆ. ಅಣ್ಣನ ಮುಂದೆ ಹೇಳಲಿಲ್ಲ, ನಿಂಗೆ ಹೇಳ್ತೀನಿ. ಎಲ್ಲ ಸರಿ ಇದೆ, ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ.

… ಹೇಗೆ ಅಂದ್ರೆ? ಸ್ಟ್ಯಾಂಡ್ ಹಾಕಿ, ನೆಟ್ಟಗೆ ನಿಲ್ಲಿಸಿ ಹೊಡೀತಿದೀನಿ… ಏನು?… ವಾಲಿಸ್ಬೇಕಾ? ಯಾವ ಕಡೆ?… ಗೋಡೆ ಕಡೆ. ಎಷ್ಟು ವಾಲಿಸ್ಬೇಕು?… ಪೆಟ್ರೋಲ್ ವಾಸನೆ ಮೂಗಿಗೆ ಬರೋ ತನಕ?… ಆಮೇಲೆ ನೆಟ್ಟಗೆ ಮಾಡಿ, ಕೀ ಹಾಕದೆ ಎರಡು ಕಿಕ್ಕು. ಆಮೇಲೆ ಕೀ. ಹಾಂ.

… ಅವ್ವ, ಇದೆಲ್ಲ ನಿಂಗೆ ಹೇಗೆ ಗೊತ್ತು?

… ದಿನಾನಾ?… ಬೆಳಗ್ಗೆ ಫಸ್ಟ್ ಶಿಫ್ಟಿಗೆ ಅಪ್ಪ ಹೊರಡೋವಾಗ?… ನಾವಿಬ್ರೂ ಮಲಗಿರ್ತಿದ್ವಿ, ಅದಕ್ಕೇ ನೋಡಿಲ್ಲ. ಅಪ್ಪ ಕಿಕ್ ಹೊಡೀತಿದ್ರು, ನೀನು ಗಾಡಿ ವಾಲಿಸಿ ಹಿಡ್ಕೊಂಡು ನಿಲ್ತಿದ್ದೆ… ಒಂದು ದಿನಾನೂ ತಪ್ಪದೆ, ಇಪ್ಪತ್ತೆರಡು ವರ್ಷ? ಒಂದ್ಸಲನಾದ್ರೂ ಹೇಳಬಾರದಿತ್ತಾ ಅವ್ವ!… ಹೌದು, ನಾನೂ ಕೇಳಲಿಲ್ಲ. ತಪ್ಪಾಯ್ತು. ಪುಸ್ತಕ ಓದ್ದೆ, ವಿಡಿಯೋ ನೋಡ್ದೆ, ಮೈಸೂರಿಗೆ ಫೋನ್ ಮಾಡಿ ಮೆಕ್ಯಾನಿಕ್‌ಗಳನ್ನ ಕೇಳ್ದೆ. ಹದಿನೆಂಟು ಕಿಲೋಮೀಟರಲ್ಲಿ ಇದ್ದ ನಿನ್ನ ಕೇಳಲಿಲ್ಲ.

… ಹಾಂ, ಮಾಡ್ತೀನಿ, ಲೈನಲ್ಲೇ ಇರು. ಫೋನ್ ಅಣ್ಣನ ಕೈಗೆ ಕೊಡ್ಬೇಡ… ಹಾಲೇಶಣ್ಣ, ಬನ್ನಿ ಇಲ್ಲಿ ಸ್ವಲ್ಪ. ನೀವು ಹಿಡ್ಕೊಳ್ಳಿ. ಗೋಡೆ ಕಡೆ… ಇನ್ನೂ… ಇನ್ನೂ ಸ್ವಲ್ಪ… ಬಂತು, ಬಂತು ವಾಸನೆ. ನೆಟ್ಟಗೆ ಮಾಡಿ.

… ಒಂದು… ಎರಡು… ಕೀ ಹಾಕ್ದೆ ಅವ್ವ.

… ಕೆಮ್ತು! ಕೇಳಿಸ್ತಾ? ಒಂದ್ಸಲ ಕೆಮ್ತು… ಇನ್ನೊಂದು ಸಲ ವಾಲಿಸ್ಬೇಕಾ? ಚಳಿಗಾಲದಲ್ಲಿ ಎರಡು ಸಲ ವಾಲಿಸ್ತಿದ್ರಾ? ಇರು, ಇರು. ಹಾಲೇಶಣ್ಣ, ಇನ್ನೊಂದು ಸಲ. ಹಾಂ… ಬಿಡಿ…

… ಅವ್ವಾ! ಅವ್ವಾ!! ಆಯ್ತು! ಕೇಳಿಸ್ತಿದೆಯಾ? ಹೊಗೆ ನೋಡ್ಬೇಕು ನೀನು, ಹಾಲೇಶಣ್ಣ ಕಾಣ್ತಾನೇ ಇಲ್ಲ! ಪಕ್ಕದ ಮನೆಯೋರೆಲ್ಲ ಕಾಂಪೌಂಡ್ ಮೇಲೆ ಬಗ್ಗಿ ನೋಡ್ತಿದಾರೆ. ನೋಡ್ಲಿ!… ತಡಿ, ಫೋನ್ ಸೈಲೆನ್ಸರ್ ಹತ್ರ ಹಿಡೀತೀನಿ… ಕೇಳಿದ್ಯಾ? ಅದೇ ಸದ್ದು ಅಲ್ವಾ?… ಅವ್ವ, ಅಳ್ತಿದೀಯಾ?… ನಗ್ತಿದೀಯಾ! ನಗು, ನಗು.

… ಕೇಳಿಲ್ಲಿ. ನಾನು ಬರ್ತೀನಿ. ಈಗ್ಲೇ. ಮುಕ್ಕಾಲು ಗಂಟೇಲಿ ನಿನ್ನ ಬಾಗಿಲ ಮುಂದೆ ನಿಲ್ಲಿಸ್ತೀನಿ, ಹಿಂದೆ ಕೂತ್ಕೋ, ಒಂದು ರೌಂಡ್ ಹೋಗೋಣ… ಯಾಕೆ ಬೇಡ?… ಎಪ್ಪತ್ತಮೂರು ಏನು ವಯಸ್ಸು, ಮೊನ್ನೆ ಆಟೋದಲ್ಲಿ ಮದ್ವೆಗೆ ಹೋಗಿಲ್ವಾ?… ಸೀರೆನಾ? ಸೀರೆಗೆ ಏನಾಗುತ್ತೆ?

… ಸೆರಗು ಚೈನಿಗೆ ಸಿಕ್ಕುತ್ತೆ? ಯಾರು ಹೇಳಿದ್ರು ನಿಂಗೆ?

… ಅಪ್ಪನಾ?… ಯಾವಾಗ?… ಸಕ್ರೆಬೈಲಿಗೆ ಕರ್ಕೊಂಡು ಹೋಗಿ, ಆನೆ ನೋಡ್ಬೇಕು ಅಂತ ನೀನು ಅಂದಾಗ. ಹೂಂ… ಪ್ರತಿ ಸಲನೂ ಅದೇನಾ?… ಅಂದ್ರೆ ನೀನು ಈ ಗಾಡಿ ಮೇಲೆ ಒಂದ್ಸಲನೂ ಕೂತಿಲ್ವಾ ಅವ್ವ? ಒಂದ್ಸಲನೂ?

… ಅಪ್ಪನ ಸ್ನೇಹಿತರೆಲ್ಲ ಕೂತಿದಾರೆ. ಅಣ್ಣ ಕೂತಿದಾನೆ, ನಾನು ಟ್ಯಾಂಕ್ ಮೇಲೆ ಕೂತು ಸ್ಕೂಲಿಗೆ ಹೋಗಿದೀನಿ.

… ಅವ್ವ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಗಾಡಿ ಚೈನಿಗೆ ಮುಚ್ಚಳ ಇದೆ… ಹಿಂದಿಂದ ಮುಂದಿನ ತನಕ, ಪೂರ್ತಿ ಮುಚ್ಚಳ. ಈಗ ಹಾಕಿದ್ದಲ್ಲ, ಕಂಪನಿಯಿಂದ ಬರೋವಾಗ್ಲೇ ಇದ್ದದ್ದು. ನಾನೇ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ವಾಪಸ್ ಹಾಕಿದೀನಿ. ಸೆರಗಲ್ಲ, ಒಂದೆಳೆ ದಾರಾನೂ ಚೈನಿಗೆ ಸಿಕ್ಕಲ್ಲ.

… ಅಪ್ಪನಿಗೆ ಇದು ಗೊತ್ತಿತ್ತಾ ಅಂತ ಕೇಳ್ತೀಯಾ?

… ಗೊತ್ತಿತ್ತು. ಅಪ್ಪನಿಗೆ ಗೊತ್ತಿಲ್ದೆ ಇರುತ್ತಾ? ಫಿಟ್ಟರ್ ಅವರು… ನಂಗೆ ಸಿಟ್ಟು ಬರ್ತಿದೆ ಅವ್ವ. ಅಪ್ಪನ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಒಂದು ವರ್ಷದಿಂದ ಅಪ್ಪನ ಗಾಡಿ, ಅಪ್ಪನ ಗಾಡಿ ಅಂತ ಒದ್ದಾಡಿದೀನಿ… ಇಲ್ಲ, ಹೋದೋರ ಬಗ್ಗೆ ಮಾತಾಡಬಾರದು ಅಂತ ಹೇಳ್ಬೇಡ. ನಾನು ಮಾತಾಡ್ತೀನಿ.

… ಏನಂದೆ?… ಇನ್ನೊಂದ್ಸಲ ಹೇಳು, ಇಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ… ಆಫ್ ಮಾಡ್ಬೇಡ, ಹಾಗೇ ಬಾ ಅಂತೀಯಾ? ಬಂದೆ! ಹೆಲ್ಮೆಟ್ ಎರಡಿದೆ. ಚಕ್ರಕ್ಕೆ ಸೀರೆ ಗಾರ್ಡೂ ಹಾಕಿಸಿದೀನಿ. ಇವತ್ತು ಊರೊಳಗೆ ಒಂದು ಸುತ್ತು. ಸಕ್ರೆಬೈಲಿಗೆ ನಾಳಿದ್ದು ಬೆಳಗ್ಗೆ, ಆನೆಗಳಿಗೆ ಸ್ನಾನ ಮಾಡಿಸೋ ಹೊತ್ತಿಗೆ.

… ಅಣ್ಣಾ? ಫೋನ್ ಕಿತ್ಕೊಂಡ್ಯಾ?… ಕೂಗ್ಬೇಡ, ಈ ಸದ್ದಲ್ಲಿ ನಿಂಗೇ ಗಂಟಲು ನೋವು. ಕೇಳಿಸ್ತಾ ಇಲ್ವಾ ಗಾಡಿ? ಆಯುಧ ಪೂಜೆ ಒಳಗೆ ಅಂದಿದ್ದೆ, ಒಳಗೇ ಆಗಿದೆ. ಹಾಲೇಶಣ್ಣ ಸಾಕ್ಷಿ, ಅವರೇ ಹಿಡ್ಕೊಂಡು ನಿಂತಿದ್ರು. ಆಟೋ ಖಾಲಿ ಬರುತ್ತೆ.

… ಕಟ್ಟೆ ಮೇಲೆ ಏನಿಡ್ಲಿ ಅಂದ್ರೆ? ತುಳಸಿ ಗಿಡ ಇಡು. ಅಪ್ಪನ ಫೋಟೋ ಇಡು. ನಂಗೇನು?… ಜನ ಏನಂತಾರೆ? ಎಪ್ಪತ್ತಮೂರು ವರ್ಷದ ಹೆಂಗಸು ಮಗಳ ಬೈಕಲ್ಲಿ ಹೋದ್ಲು ಅಂತಾರೆ. ಅನ್ಲಿ, ನಿಜಾನೇ ಅಲ್ವಾ?

… ಅವ್ವ ಎಲ್ಲಿ ಹೋದ್ಲು?… ಗೇಟಿಗಾ? ಈಗ್ಲೇ? ಮುಕ್ಕಾಲು ಗಂಟೆ ಇದೆ ಅಂದ್ನಲ್ಲ… ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ನಿಂತಿದಾಳಾ?

… ತಡೀಬೇಡ ಅಣ್ಣ. ಒಳಗೆ ಕರೀಬೇಡ, ಕುರ್ಚಿನೂ ಹಾಕ್ಬೇಡ. ಇಪ್ಪತ್ತೆರಡು ವರ್ಷ ಕತ್ತಲಲ್ಲಿ ಆ ಗಾಡಿ ಹಿಡ್ಕೊಂಡು ನಿಂತೋಳು ಅವಳು, ಕೂರೋದಕ್ಕೆ ಮುಕ್ಕಾಲು ಗಂಟೆ ನಿಲ್ತಾಳೆ. ನೀನು ದಾರಿ ಬಿಡು, ಅಷ್ಟೇ. ಹೊರಟೆ ನಾನು… ಹಲೋ? ಅಣ್ಣಾ?… ಇಟ್ಟೇಬಿಟ್ಟ. ಹಾಲೇಶಣ್ಣ, ಆಟೋ ಪಕ್ಕಕ್ಕೆ ತಗೊಳ್ಳಿ!