ಹದಿನಾಲ್ಕನೇ ಮೊಳೆಯ ರಾಚೆಟ್

…ಅಲ್ಲ ಅತ್ತಿಗೆ, ಅದನ್ನ ಹಾಗೆ ಅಂಗೈ ಮೇಲಿಟ್ಟು ತೂಗಿ ನೋಡಬಾರದು. ಬೋಲ್ಟ್ ತಿರುಗಿಸೋ ರಾಚೆಟ್ ಅದು, ಗೆಣಸಲ್ಲ. ಭಾರ ಇದ್ರೆ ಗಟ್ಟಿ ಅಂತ ಯಾರು ಹೇಳಿದ್ರು ನಿಮಗೆ? ಅಂಗಡಿಯೋನಾ? ಅವನು ಹೇಳದೆ ಇರ್ತಾನಾ… ಕೊಡಿ ಇಲ್ಲಿ. ಮೂರನ್ನೂ ಕೊಡಿ. ಯಾಕೆ ಹಿಂದಕ್ಕೆ ಎಳ್ಕೊಂಡ್ರಿ? ಬಿಲ್ಲೆ ಕೊಡಬೇಕಾ? ಈ ಕಿಟಕಿಯಿಂದ ಒಂದು ಸ್ಕ್ರೂ ಆಚೆ ಬರಬೇಕಾದ್ರೂ ಬಿಲ್ಲೆ ಕೊಡಬೇಕು, ಸರಿ. ಬರೀ ನೋಡೋಕೂ ಬಿಲ್ಲೆನಾ? ಒಂದೇ ಮನೇಲಿ ಊಟ ಮಾಡ್ತೀವಿ ಅತ್ತಿಗೆ, ಯಾವತ್ತಾದ್ರೂ ತಟ್ಟೆ ಹಾಕೋ ಮುಂಚೆ ನನ್ನ ಹತ್ರ ಬಿಲ್ಲೆ ಕೇಳಿದ್ದೀರಾ?

ಹಾಂ, ನಕ್ರಿ. ಒಳ್ಳೇದಾಯ್ತು. ಬೆಳಗ್ಗೆಯಿಂದ ಸಾಮಾನು ಕೋಣೆಯೋರು ಮುಖ ಗಂಟು ಹಾಕ್ಕೊಂಡು ಕೂತಿದ್ದಾರೆ, ಆ ಕಡೆ ಹೋಗಬೇಡಿ ಅಂತ ಶೆಡ್ಡಿನಲ್ಲೆಲ್ಲಾ ಸುದ್ದಿ. ನಾನೇ ಧೈರ್ಯ ಮಾಡಿ ಬಂದಿದ್ದು.

ಈಗ ಕೇಳಿ. ಸಾಹೇಬ್ರು ಅಂಗಡಿಯಿಂದ ಮೂರು ಮಾದರಿ ತರಿಸಿದ್ದಾರೆ. ಯಾವುದು ಚೆನ್ನ ಅಂತ ಬರೆದುಕೊಡಬೇಕಾದೋರು ನೀವು. ಆದ್ರೆ ಹೊಳೆ ದಾಟಿಸೋ ಲಾಂಚಿನ ಹೊಟ್ಟೆಯೊಳಗೆ, ಇಂಜಿನ್ನಿಗೂ ಗೋಡೆಗೂ ನಡುವೆ ಇಲಿ ಹಾಗೆ ತೂರ್ಕೊಂಡು ಬೋಲ್ಟ್ ಬಿಚ್ಚೋನು ಯಾರು? ನಾನು. ಕಾಲು ನನ್ನದು, ಚಪ್ಪಲಿ ಆರಿಸೋರು ನೀವು ಅಂದ್ರೆ ಹೇಗೆ? ಅದಕ್ಕೇ ಕೆಲಸ ಬಿಟ್ಟು ಬಂದೆ, ನಿಮ್ಮ ಮೇಲಿನ ಪ್ರೀತಿಯಿಂದ. ಬೇಗ ಮುಗಿಸೋಣ. ಮೂರೂವರೆ ಆಗಿದೆ. ನಾಲ್ಕಕ್ಕೆ ಲಾಂಚ್ ಹೊರಡೋ ಮುಂಚೆ ಸಾಹೇಬ್ರು ಬಂದು ನಿಮ್ಮ ಬೆನ್ನ ಹಿಂದಿನ, ಸಾಮಾನು ನೇತು ಹಾಕೋ ಹಲಗೆ ನೋಡ್ತಾರಲ್ಲ, ಅಷ್ಟರೊಳಗೆ ಆ ಹದಿನಾಲ್ಕನೇ ಮೊಳೆ… ಇರಲಿ, ಅದನ್ನ ಆಮೇಲೆ ಹೇಳ್ತೀನಿ. ತಿರುಗಿ ನೋಡಬೇಡಿ ಈಗಲೇ.

ನೋಡಿಬಿಟ್ರಾ. ಹೂಂ. ಖಾಲಿ ಇದೆ. ರಾಚೆಟ್ ಬದಲು ಬೆಳಗ್ಗೆ ಕೊಟ್ಟ ನನ್ನ ಬಿಲ್ಲೆ ಅಲ್ಲೇ ನೇತಾಡ್ತಿದೆ, ಅದೂ ಗೊತ್ತು. ಹೇಳ್ತೀನಿ ಅಂದೆನಲ್ಲ. ಮೊದಲು ರಾಚೆಟ್.

ಇದು ಮೊದಲನೇದು, ನಿಮ್ಮ ಗೆಣಸು. ಹೊಳಪು ನೋಡಿ, ಮುಖ ನೋಡ್ಕೊಂಡು ತಲೆ ಬಾಚಬಹುದು. ಎಣ್ಣೆ ಕೈಯಲ್ಲಿ ಹಿಡಿದ್ರೆ ಮೀನಿನ ಹಾಗೆ ಜಾರುತ್ತೆ. ಅದಿರಲಿ, ತಲೆ ಎಷ್ಟು ದಪ್ಪ ನೋಡಿ. ನಮ್ಮ ಪಕ್ಕದ ಫಿಟ್ಟರ್ ತಲೆ ಹಾಗೆ, ಒಳಗೆ ಏನಿಲ್ಲ, ಜಾಗ ಮಾತ್ರ ಹಿಡಿಯುತ್ತೆ. ಶ್… ಜೋರಾಗಿ ನಗಬೇಡಿ, ಅವನಿಗೆ ಕಿವಿ ಚುರುಕು. ಡೀಸೆಲ್ ಪೈಪಿನ ಬೋಲ್ಟ್ ಇರೋ ಕಡೆ ಎರಡು ಬೆರಳು ಜಾಗ ಅತ್ತಿಗೆ, ಬರೀ ಎರಡು ಬೆರಳು. ಅದರಲ್ಲಿ ಬೋಲ್ಟಿನ ತಲೆಗೆ ಕೂರೋ ಸಾಕೆಟ್ಟೂ ಹೋಗಬೇಕು, ಈ ಬುರುಡೆಯೂ ಹೋಗಬೇಕು, ನನ್ನ ಕೈಯೂ ಹೋಗಬೇಕು. ಆಗುತ್ತಾ?

ಕಿವಿ ಹತ್ರ ಹಿಡ್ಕೊಳ್ಳಿ. ತಿರುಗಿಸ್ತೀನಿ. ಕಟ್… ಕಟ್… ಕಟ್. ಕೇಳಿಸ್ತಾ? ಒಳಗಿನ ಚಕ್ರಕ್ಕೆ ಮೂವತ್ತಾರೇ ಹಲ್ಲು. ಒಂದು ಹಲ್ಲು ದಾಟಬೇಕಾದ್ರೆ ಹಿಡಿ ಇಷ್ಟು ದೂರ ಹೋಗಬೇಕು. ಬಯಲಲ್ಲಿ ಪರವಾಗಿಲ್ಲ, ಕೈ ಬೀಸ್ಕೊಂಡು ಮಾಡಬಹುದು. ಆ ಸಂದಿಯಲ್ಲಿ ಹಿಡಿ ಆಡೋದೇ ನನ್ನ ಹೆಬ್ಬೆರಳಿನ ಅಗಲ. ಹಲ್ಲು ಬೀಳೋಕೆ ಮುಂಚೆ ಗೋಡೆ ಬಂತು. ವಾಪಸ್ ತಂದ್ರೆ ಬೋಲ್ಟೂ ಜೊತೇಲೇ ವಾಪಸ್ ಬಂತು. ಅರ್ಧ ಗಂಟೆ ಆಡಿಸಿದ್ರೂ ಬೋಲ್ಟ್ ಇದ್ದಲ್ಲೇ. ಗಾಣದ ಎತ್ತಾದ್ರೂ ವಾಸಿ, ಸುತ್ತಿದ್ದಕ್ಕೆ ಎಣ್ಣೆನಾದ್ರೂ ಬರುತ್ತೆ.

ಎರಡನೇದು ಕತ್ತು ಬಗ್ಗೋದು. ಚೆಂದ ಇದೆ, ಹೌದು, ನನಗೂ ಮೊದಲು ಮನಸ್ಸಾಯ್ತು. ಆದ್ರೆ ಬಿಗಿ ಬೋಲ್ಟಿಗೆ ಬಲ ಹಾಕಿದಾಗ ಬೋಲ್ಟ್ ಅಲ್ಲಾಡಲ್ಲ, ಇದೇ ಬಗ್ಗಿ ಕೂರುತ್ತೆ. ನಮ್ಮ ಅಣ್ಣನ ಹಾಗೆ. ಹೊರಗೆ ಹುಲಿ, ನೀವು ಸ್ವಲ್ಪ ದನಿ ಏರಿಸಿದ್ರೆ ಕತ್ತು ಬಗ್ಗಿಸ್ಕೊಂಡು ತರಕಾರಿ ಹೆಚ್ಚೋಕೆ ಕೂರ್ತಾನೆ. ಹೊಡೀಬೇಡಿ, ಹೊಡೀಬೇಡಿ. ಅದು ಮಾದರಿ, ಮುರಿದ್ರೆ ನಾವೇ ಕಟ್ಟಿಕೊಡಬೇಕು.

ಈಗ ಇದು, ಮೂರನೇದು. ನೋಡೋಕೆ ಬಡಪಾಯಿ. ಮಾಸಲು ಬಣ್ಣ, ಸಣ್ಣ ತಲೆ, ಹಿಡಿ ಗೀರು ಗೀರು. ಅದಕ್ಕೇ ಜಾರಲ್ಲ. ಕಿವಿ ಕೊಡಿ. ಕಿರಿಕಿರಿಕಿರಿ… ಆಹಾ, ಏನು ಮಾತು ಅಂತೀರಿ! ಎಪ್ಪತ್ತೆರಡು ಹಲ್ಲು. ಹೆಬ್ಬೆರಳಿನ ಅಗಲ ಆಡಿದ್ರೆ ಸಾಕು, ಒಂದು ಹಲ್ಲು ಸಿಕ್ಕಿತು. ತಿರುವು ಬದಲಾಯಿಸೋ ಕಡ್ಡಿ ತಲೆಯೊಳಗೇ ಮಲಗಿದೆ, ನೋಡಿದ್ರಾ? ಮೊದಲನೇದರಲ್ಲಿ ಹೊರಗೆ ನಿಂತಿದೆ. ಸಂದಿಯಲ್ಲಿ ಗೋಡೆಗೆ ತಗುಲಿ ತಾನೇ ಮಗುಚಿಕೊಳ್ಳುತ್ತೆ. ನಾವು ಬಿಗಿ ಮಾಡ್ತಿದ್ದೀವಿ ಅಂದ್ಕೊಂಡು ಬೆವರು ಸುರಿಸ್ಕೊಂಡು ಬಿಚ್ಚುತ್ತಾ ಇರ್ತೀವಿ.

ಇನ್ನೊಂದು ಪರೀಕ್ಷೆ ಇದೆ, ಇದು ಅಂಗಡಿಯೋನಿಗೂ ಗೊತ್ತಿಲ್ಲ. ಸಾಕೆಟ್ಟನ್ನ ಎರಡು ಬೆರಳಲ್ಲಿ ಹಗುರವಾಗಿ ಹಿಡ್ಕೊಳ್ಳಿ. ಹಗುರವಾಗಿ ಅತ್ತಿಗೆ, ನನ್ನ ಕಿವಿ ಹಿಡಿದ ಹಾಗಲ್ಲ. ಈಗ ಹಿಡಿಯನ್ನ ಹಿಂದಕ್ಕೆ ತರ್ತೀನಿ. ಸಾಕೆಟ್ ಅಲ್ಲೇ ನಿಂತಿತಾ? ನಿಂತಿತು. ಅಷ್ಟೇ ಬೇಕಾಗಿರೋದು. ಹಿಡಿಯ ಜೊತೆ ಸಾಕೆಟ್ಟೂ ಬಂದ್ರೆ ಸಡಿಲ ಬೋಲ್ಟ್ ಯಾವತ್ತೂ ಆಚೆ ಬರಲ್ಲ. ಒಳ್ಳೇ ರಾಚೆಟ್ ಅಂದ್ರೆ ಹಿಂದಕ್ಕೆ ಬರೋವಾಗ ಯಾರನ್ನೂ ಎಳ್ಕೊಂಡು ಬರಬಾರದು.

ಒಪ್ಪಿದ್ರಾ? ಬರ್ಕೊಳ್ಳಿ, ಮೂರನೇದು. ನಿಮ್ಮ ಅಕ್ಷರ ಮುದ್ದಾಗಿದೆ, ನಾನು ಬರೆದ್ರೆ ಕಾಗೆ ಕಾಲು. ಬರೆದಾಯ್ತಾ? ಹಾಗಾದ್ರೆ ಒಂದು ಸಣ್ಣ ಕೆಲಸ. ಇದನ್ನ ಡಬ್ಬಕ್ಕೆ ವಾಪಸ್ ಹಾಕಬೇಡಿ. ಹಾಗೇ ತಗೊಂಡು ಹದಿನಾಲ್ಕನೇ ಮೊಳೆಗೆ ನೇತು ಹಾಕಿಬಿಡಿ. ಹಳದಿ ಬಣ್ಣದಲ್ಲಿ ಬರೆದಿರೋ ಆಕಾರಕ್ಕೆ ಸರಿಯಾಗಿ ಕೂರುತ್ತೆ, ನಾನು ಆಗಲೇ ಅಳತೆ… ಅಂದ್ರೆ, ಕೂರುತ್ತೆ ಅನಿಸುತ್ತೆ.

ಯಾಕೆ, ಲೇಖನಿ ಕೆಳಗಿಟ್ರಿ?

ಹಳೇದಾ? ಹಳೇದಕ್ಕೆ ವಯಸ್ಸಾಗಿತ್ತು. ಹಲ್ಲೆಲ್ಲಾ ಸವೆದು ಬೊಚ್ಚು ಬಾಯಿ. ಗುಜರಿ ಡಬ್ಬಕ್ಕೆ ಹಾಕಿದೆ, ಬೆಳಗ್ಗೆನೇ… ಓ. ಗುಜರಿ ಡಬ್ಬದ ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆ. ಮರೆತಿದ್ದೆ. ತಡೀರಿ, ಎದ್ದೇಳಬೇಡಿ. ಹಾಕಬೇಕು ಅಂದ್ಕೊಂಡಿದ್ದೆ ಅಂದೆ. ನನ್ನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಕೀಲಿ ಮನೇಲಿದೆ. ಕೈ ಯಾಕೆ ಚಾಚ್ತೀರಿ… ಇದು ಆ ಕೀಲಿ ಅಲ್ಲ. ಇದು ಸೈಕಲ್ಲಿಂದು. ಅಯ್ಯೋ, ನಿಜ ಹೇಳ್ತೀನಿ ಕೇಳಿ, ಪಕ್ಕದ ಫಿಟ್ಟರ್ ಇಸ್ಕೊಂಡು ಹೋದ. ಒಂದು ನಿಮಿಷ ಅಂತ ಇಸ್ಕೊಂಡೋನು… ಕರೀಬೇಡಿ! ಕರೀಬೇಡಿ ಅತ್ತಿಗೆ, ಕೈ ಮುಗೀತೀನಿ. ಈಗ ತಾನೇ ಅವನ ತಲೆ ಬಗ್ಗೆ ಅಷ್ಟೆಲ್ಲಾ ಅಂದಿದ್ದೀನಿ.

ನಾನ್ಯಾಕೆ ಬೆವರ್ತಿದ್ದೀನಿ ಅಂತನಾ? ಸೆಕೆ. ತಗಡಿನ ಮಾಡು, ಬೆವರದೆ ಇರ್ತಾರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಶುರು ಮಾಡಬೇಡಿ. ಕದ್ದಿಲ್ಲ ನಾನು. ರಾಚೆಟ್ ಕದ್ದು ಏನು ಮಾಡಲಿ, ಹಲ್ಲು ಉಜ್ಜಲಾ?

ಹಲಗೆ ಮೇಲಿನ ಆ ಬರಹ ತೋರಿಸಬೇಡಿ, ನನಗೂ ಓದೋಕೆ ಬರುತ್ತೆ. 'ಹಲಗೆ ತುಂಬದೆ ಲಾಂಚ್ ಹೊರಡುವಂತಿಲ್ಲ.' ಓದಿದೆ. ಅದಕ್ಕೇ ತುಂಬಿಸಿ ಅಂತಿರೋದು! ತುಂಬಿದ ಹಲಗೆ ನೋಡಿ ಸಾಹೇಬ್ರು ಹಸಿರು ಬಾವುಟ ಬೀಸ್ತಾರೆ, ಲಾಂಚ್ ಹೋಗುತ್ತೆ, ಎಲ್ಲರಿಗೂ ಸುಖ. ಖಾಲಿ ಇದ್ರೆ ನನ್ನ ಕಥೆ ಮುಗೀತು. ಮೂರನೇ ಸಲ ಅತ್ತಿಗೆ ಇದು. ಮೊದಲನೇ ಸಲ ಸ್ಪ್ಯಾನರ್ ನನ್ನ ಹಿಂದಿನ ಜೇಬಲ್ಲೇ ಇತ್ತು, ಶೆಡ್ಡೆಲ್ಲಾ ಹುಡುಕಿದ್ರು. ಎರಡನೇ ಸಲ ಸ್ಕ್ರೂಡ್ರೈವರನ್ನ ಕಿವಿ ಮೇಲೆ ಸಿಕ್ಕಿಸ್ಕೊಂಡು ನಾನೂ ಎಲ್ಲರ ಜೊತೆ ಸೇರಿ ಹುಡುಕಿದೆ. ನಗು ಬರುತ್ತೆ ನಿಮಗೆ. ಸಾಹೇಬ್ರಿಗೆ ಬರಲಿಲ್ಲ. ಇನ್ನೊಂದು ಸಲ ಆದ್ರೆ ಗೇಟಿನ ಆಚೆ ಅಂದ್ರು. ಅವತ್ತು ನೀವೇ ಹೋಗಿ ನನ್ನ ಪರವಾಗಿ ಮಾತಾಡಿ ಉಳಿಸಿದ್ದು. ಇನ್ನೊಂದು ಸಲ ಮಾತಾಡಿ ಅಂತ ಯಾವ ಬಾಯಲ್ಲಿ ಕೇಳಲಿ? ಅದಕ್ಕೇ ಕೇಳ್ತಿಲ್ಲ. ಒಂದು ಮೊಳೆ ತುಂಬಿಸಿ ಅಂತಿದ್ದೀನಿ, ಅಷ್ಟೇ.

ನಕ್ಕುಬಿಡಿ ಅತ್ತಿಗೆ. ಇಷ್ಟು ಹೊತ್ತು ನಗ್ತಿದ್ರಿ.

ಅದ್ಯಾವ ಚೀಟಿ? ಯಾಕೆ ಅದನ್ನ ತೆಗೀತಿದ್ದೀರಿ… ಹೂಂ. ನನ್ನದೇ ಸಹಿ. ನಾಲ್ಕು ಗಂಟೆ ಲಾಂಚಿನ ರಿಪೇರಿ ಚೀಟಿ. 'ಸಾಮಾನು ಎಲ್ಲಾ ಹೊರಗೆ ಬಂದಿದೆ.' ಅದನ್ನ ಹಾಗೆ ನನ್ನ ಮುಖಕ್ಕೆ ಇಡಬೇಡಿ. ಸಹಿ ಹಾಕೋವಾಗ ಬಂದಿದೆ ಅಂದ್ಕೊಂಡೇ ಹಾಕಿದ್ದು. ಆಣೆಗೂ. ಊಟಕ್ಕೆ ಕೈ ತೊಳೆಯೋವಾಗ ಜೇಬು ಮುಟ್ಟಿ ನೋಡ್ಕೊಂಡೆ, ಖಾಲಿ. ಆಗ ನೆನಪಾಯ್ತು.

ಭದ್ರವಾಗಿದೆ. ಲಾಂಚಿನೊಳಗೇ, ತೊಲೆ ಮೇಲಿದೆ. ಪೈಪಿನ ಬೋಲ್ಟ್ ಬಿಗಿ ಮಾಡಿ, ಎರಡೂ ಕೈ ಬೇಕಾಯ್ತು ಅಂತ ತೊಲೆ ಮೇಲಿಟ್ಟೆ. ಆಮೇಲೆ ನೆಲದ ಹಲಗೆ ಮುಚ್ಚಿಬಿಟ್ಟೆ. ಈಗ ತೆಗೀಬೇಕಾದ್ರೆ ಜನರನ್ನ ಇಳಿಸಬೇಕು, ಮೂಟೆ ಇಳಿಸಬೇಕು, ಹಲಗೆ ಬಿಚ್ಚಬೇಕು. ಒಂದು ಗಂಟೆ. ಇಡೀ ದಡಕ್ಕೇ ಗೊತ್ತಾಗುತ್ತೆ. ಸಂಜೆ ಆಚೆ ದಡದಿಂದ ವಾಪಸ್ ಬಂದ ತಕ್ಷಣ ನಾನೇ ಇಳಿದು ತೆಗೀತೀನಿ, ಈ ಹೊಸದನ್ನ ಡಬ್ಬಕ್ಕೆ ಹಾಕೋಣ, ಹಳೇದನ್ನ ಮೊಳೆಗೆ ಹಾಕೋಣ. ಯಾರಿಗೆ ನಷ್ಟ?

ತೊಲೆ ಕೆಳಗೆ ಏನಿದೆ ಅಂತನಾ? ಏನಿರುತ್ತೆ… ಎಲ್ಲಾ ಇರುತ್ತೆ. ಪಂಪು, ಪೈಪು. ಲಾಂಚ್ ತಿರುಗಿಸೋ ಸ್ಟೇರಿಂಗ್ ಚೈನು. ಹೌದು, ಅಲ್ಲೇ ಹಾದು ಹೋಗುತ್ತೆ. ಬೀಳಲ್ಲ ಅತ್ತಿಗೆ. ಇವತ್ತು ಗಾಳಿ ಇಲ್ಲ, ಹೊಳೆ ತಟ್ಟೆ ಹಾಗಿದೆ. ಬಿದ್ರೂ ಚೈನಿಗೆ ಸಿಕ್ಕಬೇಕು ಅಂತೇನಿಲ್ಲ. ಸಿಕ್ಕಿದ್ರೂ… ಹೊಳೆ ಮಧ್ಯೆ ಕಟ್ಟುತ್ತಿರೋ ಸೇತುವೆ ಕಂಬದ ಹತ್ರಾನೇ ಸಿಕ್ಕಬೇಕು ಅಂತೇನಿಲ್ಲವಲ್ಲ.

ಯಾಕೆ ಮುಖ ಹಾಗಾಯ್ತು?

ಅತ್ತಿಗೆ, ಈ ಪಾಳಿ ಅಣ್ಣನದಾ? ಅಣ್ಣ ಬೆಳಗ್ಗೆನೇ ಮುಗಿಸ್ಕೊಂಡು ಮನೆಗೆ ಹೋದನಲ್ವಾ? ಯಾರಾದ್ರೂ ಪಾಳಿ ಬದಲಾಯಿಸ್ಕೊಂಡ್ರಾ? ಹೇಳಿ, ಬೇಗ ಹೇಳಿ. ಲಾಂಚ್ ನಡೆಸ್ತಿರೋದು ಅಣ್ಣನಾ?

ಅಲ್ಲ ಅಂತ ತಾನೇ ತಲೆ ಆಡಿಸಿದ್ದು? ಆ ಇನ್ನೊಬ್ಬ ಡ್ರೈವರ್, ಮೀಸೆಯೋರದ್ದಾ ಪಾಳಿ? ಅಬ್ಬ. ಅಬ್ಬ ದೇವರೇ, ಹೋದ ಜೀವ ಬಂದ ಹಾಗಾಯ್ತು. ಅಣ್ಣನ ಪಾಳಿ ಆಗಿದ್ರೆ ಈಗಲೇ ಓಡಿ ಹೋಗಿ ಲಾಂಚ್ ಕಟ್ಟಿರೋ ಹಗ್ಗಕ್ಕೆ ಅಡ್ಡ ಮಲಗ್ತಿದ್ದೆ. ಕೆಲಸ ಹೋದ್ರೆ ಹೋಗಲಿ ಅಂತ… ಮೀಸೆಯೋರು ಅಂತ ಗೊತ್ತಾದ್ರೆ ಆಯ್ತಲ್ಲ. ಅಬ್ಬ. ಹಾಕಿ ಅತ್ತಿಗೆ ಮೊಳೆಗೆ, ಹೊತ್ತಾಯ್ತು.

ಅತ್ತಿಗೆ?

ಬೈಯಿರಿ. ಮನೇಲಿ ಲೋಟ ತೊಳೆದಿಡದಿದ್ರೆ ಒಂದು ಗಂಟೆ ಬೈತೀರಿ. ಈಗ ದಡದ ಕಡೆ ತಿರುಗಿಬಿಟ್ರಿ.

ಆ ಕಡೆ ಏನು ನೋಡ್ತಿದ್ದೀರಿ? ಜನ ಹತ್ತುತ್ತಿದ್ದಾರೆ, ಗೊತ್ತು. ಆ ಹೆಂಗಸು ಮಗುನ ಮೀಸೆಯೋರ ಕೈಗೆ ಕೊಟ್ಟು ಹತ್ತುತ್ತಿದ್ದಾಳೆ. ಮಗು ಮೀಸೆ ಹಿಡಿದು ಎಳೀತಿದೆ. ನನಗೂ ಕಾಣುತ್ತೆ.

ನಾನು ಈಗ ಏನಂದೆ ಅತ್ತಿಗೆ? ಮೀಸೆಯೋರಾದ್ರೆ ಪರವಾಗಿಲ್ಲ ಅಂದೆನಾ? ಹಾಗನ್ನಲಿಲ್ಲ ನಾನು. ನನ್ನ ಬಾಯಿಂದ ಆ ಮಾತು ಬರಲೇ ಇಲ್ಲ, ನೀವೇ ಕೇಳಿಸ್ಕೊಂಡಿದ್ದೀರಲ್ಲ. ನಾನು ಬರೀ ಅಬ್ಬ ಅಂದೆ.

…ಅಬ್ಬ ಅಂದೆ.

ಸಾಹೇಬ್ರು ಬರ್ತಿದ್ದಾರೆ. ಬಾವುಟ ಕೈಯಲ್ಲೇ ಇದೆ. ತಗೊಳ್ಳಿ ಇದನ್ನ, ಡಬ್ಬದಲ್ಲಿಡಿ. ನೀವು ಏಳಬೇಡಿ, ನನ್ನ ಪರವಾಗಿ ಒಂದು ಮಾತೂ ಆಡಬೇಡಿ, ನಾನೇ ಎದುರಿಗೆ ಹೋಗಿ ಹೇಳ್ತೀನಿ. ಸಾಮಾನು ಕೋಣೆಯ ಪುಸ್ತಕದಲ್ಲಿ ಮಾತ್ರ ನೀವೇ ಬರೀಬೇಕು. ನಿಮ್ಮನ್ನ ಬಲ್ಲೆ ನಾನು, ಪಾಪ ಅಂದ್ಕೊಂಡು 'ಮರೆತು ಬಂದಿದ್ದಾನೆ' ಅಂತ ಬರೆದುಬಿಡ್ತೀರಿ. ಹಾಗೆ ಬರೀಬೇಡಿ ಅತ್ತಿಗೆ. 'ಮಧ್ಯಾಹ್ನದಿಂದ ಅವನಿಗೆ ಗೊತ್ತಿತ್ತು' ಅಂತ ಬರೀರಿ.