ಸೆಮಿನಾರಲ್ಲಿ ಏನಿದೆ ಮಣ್ಣು!

...ಅದಕ್ಕೇ ಹೇಳಿದ್ದು, ಕೂತ್ಕೋ ಅಂತ! ಕೂತ್ಕೋ ಅಲ್ದೆಮಾರ್, ಕೂತ್ಕೋ. ಆ ಮೂರನೇ ಸಭಾಂಗಣದ ಕಡೆ ಯಾಕೆ ತಿರುಗಿ ತಿರುಗಿ ನೋಡ್ತೀಯ? ಅದೇನು ಓಡಿಹೋಗುತ್ತಾ? ಈ ಬುನ್ಯುವೆಲೊ ತಗೋ, ಚೀಸ್ ಬೋಂಡ, ಬಿಸಿ ಇದ್ದಾಗ ಬಾಯಿಗೆ ಹಾಕ್ಕೋ, ಆರಿದ್ರೆ ಕಲ್ಲು. ತಗೋ ಅಂದೆನಲ್ಲ! ಪುಕ್ಕಟೆ ಕಣಯ್ಯ. ಶವಪೆಟ್ಟಿಗೆಗೆ ಹಿತ್ತಾಳೆ ಹಿಡಿ ಮಾರ್ತಾನಲ್ಲ, ಆ ಕಾಲಿ ಅನ್ನೋ ಊರಿನ ದಢೂತಿ, ಅವನ ಮಳಿಗೆಯಿಂದ ಎತ್ಕೊಂಡು ಬಂದೆ.

ಬೇಡ್ವಾ? ಸರಿ, ನಾನೇ ತಿಂತೀನಿ.

ಅಲ್ಲ, ಸಾಲಮಿನಾದಿಂದ ಮೆಡೆಲಿನ್‌ವರೆಗೂ ಆ ಡಕೋಟ ಬಸ್ಸಲ್ಲಿ ಸೊಂಟ ಮುರ್ಕೊಂಡು ಬಂದಿದೀಯಲ್ಲ... ಯಾತಕ್ಕೆ ಅಂತ? ಸೆಮಿನಾರ್ ಕೇಳೋಕಾ? ಅಯ್ಯೋ ದೇವರೇ! ಶವಸಂಸ್ಕಾರದ ಉದ್ಯಮದವರ ಸಮಾವೇಶ ಅಂತ ದೊಡ್ಡ ಬೋರ್ಡು ಹಾಕಿದ್ದಾರೆ, ಒಪ್ಪಿದೆ. ಆದ್ರೆ ನೀನು ಬಡಗಿ. ಪೆಟ್ಟಿಗೆ ಮಾಡೋನು. ನಿನ್ನ ಪೆಟ್ಟಿಗೆಗೆ ಹೆಣ ತುಂಬೋನು ನಾನು. ನಾನೇ ಇಷ್ಟು ವರ್ಷದಿಂದ ಬರ್ತಾ ಇದೀನಿ, ಒಂದು ಸೆಮಿನಾರಿಂದ ನನಗೆ ಕವಡೆ ಕಾಸಿನ ಉಪಯೋಗ ಆಗಿದ್ರೆ ಕೇಳು!

ಏನು ಹೇಳ್ತಾರೆ ಗೊತ್ತಾ ಒಳಗೆ? ಕೇಳು, ನಗ್ತೀಯ. ನಿನ್ನೆ ಒಬ್ಬಳು ಮನಶ್ಶಾಸ್ತ್ರದವಳು ಬಂದಿದ್ಲು. "ಎಲ್ಲರೂ ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ, ದುಃಖದಲ್ಲಿರೋ ಗಿರಾಕಿ ಆಗಿ ನೋಡಿ" ಅಂದ್ಲು. ಕಣ್ಣು ಮುಚ್ಚಿದ್ವಿ. ಮುಚ್ಚಿದ್ದೇ ತಡ, ಮೂರು ಸಾಲು ಗೊರಕೆ! ನಮ್ಮ ಅಂಗಡೀಲಿ ಮಲಗಿರೋರೂ ಅಷ್ಟು ನೆಮ್ಮದಿಯಾಗಿ ಮಲಗಿರಲ್ಲ. ಆಮೇಲೆ ಇನ್ನೊಬ್ಬ, ಅರ್ಜೆಂಟೀನಾದೋನು. ಬೂದಿಯಿಂದ ಹರಳು ಮಾಡ್ತಾನಂತೆ. ಅತ್ತೇನ ಸುಟ್ಟು ಉಂಗುರಕ್ಕೆ ಕೂರಿಸ್ಕೋಬಹುದಂತೆ. ಬದುಕಿದ್ದಾಗ ಕೊರಳಿಗೆ ಸುತ್ಕೊಂಡಿದ್ದು ಸಾಲದು ಅಂತ, ಈಗ ಬೆರಳಿಗೂ!

ಯಾಕೆ, ನಗು ಬರ್ಲಿಲ್ವಾ? ಎಲ್ಲರೂ ಬಿದ್ದು ಬಿದ್ದು ನಕ್ಕರಪ್ಪ.

ನೋಡು, ಬುದ್ಧಿವಂತರು ಸಮಾವೇಶಕ್ಕೆ ಬರೋದು ಕಾಫಿ ಕುಡಿಯೋಕೆ. ವ್ಯವಹಾರ ಆಗೋದು ಇಲ್ಲಿ, ಈ ಮೇಜಿನ ಮೇಲೆ. ಯಾರು ಅಂಗಡಿ ಮುಚ್ತಿದಾರೆ, ಯಾವ ಆಸ್ಪತ್ರೆಯ ಕಾವಲುಗಾರ ಯಾರಿಗೆ ಮೊದಲು ಫೋನ್ ಮಾಡ್ತಾನೆ, ಇದೆಲ್ಲ ಮೈಕಲ್ಲಿ ಹೇಳ್ತಾರಾ? ಸೆಮಿನಾರಲ್ಲಿ ಕೂರೋರು ಎರಡೇ ಜಾತಿ. ಕಾಲು ನೋಯ್ತಿರೋರು ಒಂದು, ಹೊಸಬರು ಇನ್ನೊಂದು. ನಿನಗೆ ಕಾಲು ನೋವಾ? ಇಲ್ಲ ತಾನೆ. ಹಾಗಾದ್ರೆ ಕೂತು ಕಾಫಿ ಕುಡಿ, ಮರದೋರ ಮಳಿಗೆಗಳು ಕೆಳಗಡೆ ಇವೆ, ಸೀಡರ್ ಹಲಗೆ ಮುಟ್ಟಿ ನೋಡು, ಮೂಸಿ ನೋಡು, ಸಂಜೆ ಬಸ್ಸು ಹತ್ತು. ನಾನೇ ಹೋಗಿ ಹತ್ತಿಸಿ ಬರ್ತೀನಿ ಬೇಕಾದ್ರೆ.

ಸೂಟಾ? ಓ... ಸೂಟು ನೋಡ್ತಿದೀಯಾ. ಹೊಸದೇ. ಮಾರೋರ ಮುಂದೆ ಭಿಕಾರಿ ಥರ ನಿಂತ್ರೆ ಯಾರು ಮರ್ಯಾದೆ ಕೊಡ್ತಾರೆ? ಅದಕ್ಕೇ ಹೊಲಿಸಿದ್ದು. ಅಷ್ಟೆ. ಬೇರೇನಿಲ್ಲ.

...ಯಾಕಯ್ಯ ಮಾತೇ ಇಲ್ಲ? ಬಂದಾಗಿಂದ ನೋಡ್ತಿದೀನಿ, ಬಾಯಿಗೆ ಬೀಗ.

ಎಲ್ವಿಯಾ ಕಳಿಸಿದ್ಲಾ ನಿನ್ನ?

ಅದೇ ಅಂದ್ಕೊಂಡೆ. ತಲೆ ತಗ್ಗಿಸಿದಾಗಲೇ ಗೊತ್ತಾಯ್ತು. ನಿನ್ನ ಹೆಂಡತಿ ಹೋದ ವಾರ ನಮ್ಮ ಅಂಗಡಿಗೂ ಬಂದಿದ್ಲು ಗೊತ್ತಾ? "ದೋನ್ ಹಿಲ್ದಾರ್ದೊ, ಮೆಡೆಲಿನ್ನಲ್ಲಿ ಒಡೆದ ಮುಖ ಮತ್ತೆ ಕಟ್ಟೋದು ಹೇಳಿಕೊಡ್ತಾರಂತೆ. ಹೌದಾ? ಹಾಗಿದ್ರೆ ನಮ್ಮ ಯೂರಾನಿ ಮುಖಾನೂ ಆಗ್ತಿತ್ತಾ?" ಅಂತ. ನಾನು ಏನು ಹೇಳಲಿ? ಮಗಳನ್ನ ಮಣ್ಣು ಮಾಡಿ ಆಯ್ತು, ಪ್ರಾರ್ಥನೆ ಆಯ್ತು, ಕಲ್ಲು ಹಾಕಿಸಿದ್ದಾಯ್ತು. ಈಗ ಬಂದು ಆಗ್ತಿತ್ತಾ ಅಂದ್ರೆ! ಈಗ ನಿನ್ನನ್ನ ಇಲ್ಲಿಗೆ ಅಟ್ಟಿದಾಳೆ, ದೊಡ್ಡ ದೊಡ್ಡೋರನ್ನ ಕೇಳ್ಕೊಂಡು ಬಾ ಅಂತ. ನನ್ನ ಮಾತು ಸಾಲದು ಅವಳಿಗೆ. ಜ್ಞಾನಸ್ನಾನದ ದಿನ ಯೂರಾನೀನ ಈ ತೋಳಲ್ಲಿ ಎತ್ತಿ ಹಿಡಿದೋನು ನಾನು. ಅವತ್ತಿಂದ ನಾನು ನಿನಗೆ ಕೊಂಪಾದ್ರೆ, ನೀನು ನನಗೆ ಕೊಂಪಾದ್ರೆ. ಒಡಹುಟ್ಟಿದೋರಿಗಿಂತ ಹೆಚ್ಚು ಅಂತಾರೆ ನಮ್ಮಲ್ಲಿ. ಆ ಮಗು ವಿಷಯದಲ್ಲಿ ನಾನು ಸುಳ್ಳು ಹೇಳ್ತೀನಾ?

ಆಗ್ತಿರಲಿಲ್ಲ ಕಣಯ್ಯ. ಇನ್ನೊಂದ್ಸಲ ಹೇಳ್ತೀನಿ ಕೇಳು, ಕೇಳಿ ಎದೆಗೆ ಹಾಕ್ಕೋ. ಆಗ್ತಿರಲಿಲ್ಲ! ಆ ತಿರುವಲ್ಲಿ ಹಾಲಿನ ಲಾರಿ, ಅವಳ ಬೈಕು, ತಲೆಗೆ ಹೆಲ್ಮೆಟ್ ಇಲ್ಲ. ಹೆಲ್ಮೆಟ್ ಮೊಣಕೈಗೆ ನೇತಾಕ್ಕೊಂಡಿದ್ಲು, ಕೂದಲು ಕೆಡುತ್ತೆ ಅಂತ. ಮೊಣಕೈಗೆ ಒಂದು ತರಚು ಗಾಯ ಇಲ್ಲ, ಗೊತ್ತಾ? ಮೊಣಕೈ ಅಚ್ಚುಕಟ್ಟಾಗಿತ್ತು!

...ಹೇಳಬಾರದಿತ್ತೇನೋ. ಬಿಡು. ನಮ್ಮ ಕಸುಬಲ್ಲಿ ನಾಲಿಗೆ ಒರಟಾಗಿಬಿಡುತ್ತೆ.

ಗೊತ್ತು, ನಿನ್ನ ಹೊಟ್ಟೇಲಿ ಇರೋದು ಆ ಕಿಟಕಿ. ಊರಿನ ಎಲ್ಲ ಪೆಟ್ಟಿಗೆಗೂ ಮುಚ್ಚಳದಲ್ಲಿ ಗಾಜಿನ ಕಿಟಕಿ ಇಟ್ಟೋನು ನೀನು. ಜನ ಬರ್ತಾರೆ, ಬಗ್ಗಿ ಗಾಜಿನಲ್ಲಿ ಮುಖ ನೋಡ್ತಾರೆ, ಶಿಲುಬೆ ಗುರುತು ಹಾಕ್ತಾರೆ, ಹೋಗ್ತಾರೆ. ಮುಖ ನೋಡದೇ ಇದ್ರೆ ಸತ್ತೋರು ಸತ್ತ ಹಾಗೇ ಅಲ್ಲ ನಮ್ಮಲ್ಲಿ. ಸ್ವಂತ ಮಗಳ ಪೆಟ್ಟಿಗೆಗೆ ನೀನೇ ಗಾಜು ಕತ್ತರಿಸಿದೆ, ನೀನೇ ಒರೆಸಿ ಒರೆಸಿ ಹೊಳಪು ಕೊಟ್ಟೆ. ನಾನು ಬಂದು ಅದರ ಮೇಲಿನ ಪುಟ್ಟ ಬಾಗಿಲಿಗೆ ತಿರುಪು ಹಾಕಿಬಿಟ್ಟೆ. ಎಲ್ವಿಯಾ ಪಕ್ಕದಲ್ಲೇ ಕೂತು ಬೆರಳಲ್ಲಿ ಆ ಬಾಗಿಲು ತಟ್ತಾನೇ ಇದ್ಲು, ಒಳಗಿನೋರು ಎದ್ದು ತೆಗೀತಾರೆ ಅನ್ನೋ ಹಾಗೆ. ನನಗೇನು ಅದು ಕಾಣ್ಲಿಲ್ವಾ? ಆದ್ರೂ ಬಿಚ್ಚಲಿಲ್ಲ. ನಿಮ್ಮ ಒಳ್ಳೇದಕ್ಕೇ! ಆ ಮುಖ ನೋಡಿದ್ರೆ ನೀವಿಬ್ರೂ ಜನ್ಮದಲ್ಲಿ ನಿದ್ದೆ ಮಾಡ್ತಿರಲಿಲ್ಲ. ಕ್ವಿನ್ಸಿನ್ಯೇರಾ ಫೋಟೊ ಇದೆಯಲ್ಲ ಮನೇಲಿ, ಹದಿನೈದು ತುಂಬಿದ ದಿನದ್ದು, ಗುಲಾಬಿ ಲಂಗದ್ದು. ಅದು ನೋಡ್ಕೊಂಡಿರಿ ಅಂದೆ. ತಪ್ಪಾ?

ಮತ್ತೆ ಆ ಸಭಾಂಗಣದ ಕಡೇನೇ ನೋಡ್ತಿದೀಯಲ್ಲ ಮಾರಾಯ!

ಇನ್ನೂ ಒಳಗೆ ಹೋಗಬೇಕು ಅಂತ ಇದೆಯಾ ಮನಸ್ಸಲ್ಲಿ? ಅಯ್ಯೋ, ಹಟಮಾರಿ. ಸರಿ, ಒಳಗೆ ಏನಿದೆ ಅಂತ ನಾನೇ ಹೇಳಿಬಿಡ್ತೀನಿ, ನಿನ್ನ ಟಿಕೆಟ್ ಉಳೀತು. ಒಬ್ಬ ಎದ್ದು ನಿಂತು ಕೊರೀತಾನೆ. ಪರದೆ ಮೇಲೆ ಎಡಗಡೆ ಮೊದಲಿನ ಮುಖ, ಬಲಗಡೆ ಆಮೇಲಿನ ಮುಖ. ಕಣ್ಣಿಗೆ ಅಡ್ಡಡ್ಡ ಕಪ್ಪು ಪಟ್ಟಿ ಇರುತ್ತೆ, ಮನೆಯವರ ಮರ್ಯಾದೆಗೆ. ಅದು ಈ ಕಸುಬಿನ ನಿಯಮ. ದವಡೆಗೆ ತಂತಿ ಕಟ್ಟಿದ್ವಿ, ಕೆನ್ನೆಗೆ ಮೇಣ ತುಂಬಿದ್ವಿ, ಚರ್ಮದ ಬಣ್ಣ ಪದರ ಪದರವಾಗಿ ಎಬ್ಬಿಸಿದ್ವಿ... ಇದೇ. ಸಾಕು ಸಾಕು ಅನಿಸೋವರೆಗೂ ಇದೇ. ತುಟಿ ಹೊಲಿಯೋದು ಮಾತ್ರ ಕಷ್ಟ, ಅಲ್ಲೇ ಎಲ್ಲರೂ ಎಡವೋದು, ಈ ಹುಡುಗಿಗಂತೂ ಎಡ ಅಂಚು ಒಂಚೂರು ಮೇಲಕ್ಕೆ ಎತ್ತಿರೋ ಬಾಯಿ, ಅದನ್ನ ಹಾಗೇ...

...ಯಾರೋ ಹುಡುಗಿ. ಬೊಗೋಟಾ ಕಡೆಯೋಳು. ಅಲ್ಲ, ಬುಕಾರಮಂಗಾ ಇರಬೇಕು. ನಾನು ಸರಿಯಾಗಿ ನೋಡಲೂ ಇಲ್ಲ, ಹಿಂದಿನ ಸಾಲಲ್ಲಿದ್ದೆ. ಕಾಫಿ ತಣ್ಣಗಾಯ್ತು ನಿಂದು. ಬೇರೆ ತರಿಸ್ಲಾ? ಸಕ್ಕರೆ? ಈ ದೊಡ್ಡ ಊರಿನೋರ ಕಾಫಿ ಬರೀ ಬಿಸಿನೀರು, ನಮ್ಮ ಸಂತೆ ಬೀದಿ ಮುದುಕಿ ಕೊಡೋ ಕಾಫಿ ಎಲ್ಲಿ, ಇದೆಲ್ಲಿ... ಅಲ್ವಾ? ಅಲ್ವಾ ಅಲ್ದೆಮಾರ್?

ಯಾವ ಹುಡುಗಿ ಅಂತ ಕೇಳು.

ಅಲ್ಲ, ಸುಮ್ನೆ ಅಂದೆ. ಬೇರೆ ಯಾರಾಗಿದ್ರೂ ಕೇಳ್ತಿದ್ರು. ಮಗಳನ್ನ ಕಳ್ಕೊಂಡ ಅಪ್ಪ, ಎದುರಿಗಿರೋನು ಬಾಯಿ ತಪ್ಪಿ "ಹುಡುಗಿ" ಅಂದ್ರೆ, "ತುಟಿಯ ಎಡ ಅಂಚು" ಅಂದ್ರೆ, ಕತ್ತಿನ ಪಟ್ಟಿ ಹಿಡೀತಾನೆ. ಯಾವಳು, ಎಲ್ಲಿಯವಳು, ಯಾವಾಗ ಅಂತ ಕೇಳ್ತಾನೆ. ನೀನು ರೆಪ್ಪೇನೂ ಬಡೀಲಿಲ್ಲ. ಕೇಳು! ಕೇಳಯ್ಯ, ಒಂದ್ಸಲ ಕೇಳು! ನಾನು ಏನಾದ್ರೂ ಹೇಳ್ತೀನಿ...

...ಬೆಳಿಗ್ಗೆ ಬಂದ್ಯಾ ನೀನು?

ಬೆಳಗಿನ ಸರದಿಗೇ ಬಂದುಬಿಟ್ಯಾ. ದೀಪ ಆರಿಸಿದ್ರು, ವೇದಿಕೆ ಮೇಲಿಂದ ನನಗೆ ಪರದೆ ಬಿಟ್ರೆ ಯಾರೂ ಕಾಣ್ತಿರಲಿಲ್ಲ. ಎಲ್ಲಿ ಕೂತಿದ್ದೆ? ಹಿಂದೇನಾ? ಪೂರ್ತಿ ಕೇಳಿದ್ಯಾ?

ಥೂ! ಇಷ್ಟು ಹೊತ್ತೂ ಸುಮ್ನೆ ಕೂತು ನನ್ನ ಕೈಲಿ ನಾಟಕ ಆಡಿಸಿದ್ಯಲ್ಲ. ಅದು ಆಗ್ತಿರಲಿಲ್ಲ, ಇದು ಆಗ್ತಿರಲಿಲ್ಲ ಅಂತ ನಾನು ಕೋಡಂಗಿ ಥರ...

ಕೇಳು. ಹಾಗೆ ನೋಡಬೇಡ, ಕೇಳು. ಯೂರಾನಿ ಮುಖ ಆಯ್ತು. ಹೌದು, ಆಯ್ತು! ಯಾರಿಗೂ ಆಗದೇ ಇದ್ದದ್ದು ನನಗೆ ಆಯ್ತು. ಇಡೀ ದೇಶದಲ್ಲಿ ಅಂಥ ಕೆಲಸ ಯಾರೂ ಮಾಡಿಲ್ಲ ಅಂತ ನನಗೆ ಮೇಣ ಮಾರೋ ಕಂಪನಿಯೋನೇ ಫೋಟೊ ನೋಡಿ ಹೇಳಿದ. ಆದ್ರೆ ಇಲ್ಲಿ ವೇದಿಕೆ ಹತ್ತಬೇಕಾದ್ರೆ ಹೊಸ ಕೆಲಸ ಬೇಕು, ಹೊರಗಿನೋರು ಒಬ್ಬರೂ ನೋಡಿರಬಾರದು. ನಮ್ಮ ಊರೋರು ಗೊತ್ತಲ್ಲ, ಗಾಜಿಗೇ ಮೊಬೈಲ್ ಅಂಟಿಸ್ತಾರೆ. ಪೆಟ್ಟಿಗೆ ಚರ್ಚು ತಲುಪೋದ್ರೊಳಗೆ ಅವಳ ಮುಖ ಊರೆಲ್ಲ ಸುತ್ತಿರುತ್ತೆ. ಆಮೇಲೆ ನನ್ನನ್ನ ಯಾರು ಕರೀತಾರೆ? ಸಾಲಮಿನಾದ ಮೂಲೇಲಿ ಜೀವಮಾನ ಎಲ್ಲ ಹೆಣ ತೊಳೆದೋನು ನಾನು. ಒಂದ್ಸಲ... ಒಂದೇ ಒಂದ್ಸಲ ಜನ ಎದ್ದು ನಿಂತು ಚಪ್ಪಾಳೆ ತಟ್ಟಲಿ ಅಂತ ಆಸೆ ಇರಬಾರದಾ?

ಕಣ್ಣಿಗೆ ಪಟ್ಟಿ ಹಾಕಿದ್ದೆನಲ್ಲ! ಎಲ್ಲ ನಿಯಮದ ಪ್ರಕಾರಾನೇ ಮಾಡಿದ್ದು! ಆದ್ರೂ ಹೇಗೆ...

ಹೇಗೆ ಅಂತ ಕೇಳ್ತಿದೀನಿ ನೋಡು. ಗುರುತು ಸಿಗೋದು ಕಣ್ಣಲ್ಲಲ್ಲ, ಬಾಯಲ್ಲಿ ಅಂತ ಬೆಳಿಗ್ಗೆ ಮೈಕಲ್ಲಿ ಕಿರುಚಿದೋನು ನಾನೇ.

ಬೈಯಿ. ಹೊಡಿ ಬೇಕಾದ್ರೆ. ಈ ಜನರ ಮುಂದೇನೇ ಹೊಡಿ, ಹೊಸ ಸೂಟಿಗೆ ಉಗಿ. ಎಲ್ವಿಯಾಗೆ ಹೇಳ್ತೀಯಾ? ಹೇಳಬೇಡ ಕೊಂಪಾದ್ರೆ. ಅವಳಿಗೆ ನಾನು... ಅವಳು ತಡ್ಕೊಳ್ಳಲ್ಲ. ಅವಳು ಆ ಬಾಗಿಲು ತಟ್ಟಿದ್ದು ನೀನೂ ನೋಡಿದೀಯ.

...ಒಂದು ಮಾತು ಕೇಳ್ಲಾ?

ಕೇಳಬಾರದು, ಗೊತ್ತು. ಆದ್ರೆ ಬೆಳಿಗ್ಗೆ ಕೂತಿದ್ದ ಅಷ್ಟು ಜನದಲ್ಲಿ ಒಬ್ಬನಿಗೂ ಅವಳು ಗೊತ್ತಿರಲಿಲ್ಲ. ಅದ್ಭುತ ಅಂದ್ರು, ಕೈ ಕುಲುಕಿದ್ರು, ಆದ್ರೆ ಅವರಿಗೇನು ಗೊತ್ತು? ಸರಿ ಇದೆಯಾ ಇಲ್ವಾ ಅಂತ ಹೇಳೋಕೆ ಆಗೋದು ನಿನಗೊಬ್ಬನಿಗೇ. ಬಂದಿತ್ತಾ? ಅವಳದೇ ಮುಖ ಬಂದಿತ್ತಾ? ಆ ತುಟಿ, ನಿನ್ನ ಹತ್ರ ಬೈಕಿಗೆ ದುಡ್ಡು ಕೇಳೋವಾಗ ಒಂದು ಥರ ಮಾಡ್ತಿದ್ಲಲ್ಲ, ಹಾಗೇ ಇತ್ತಾ?

ಅಳ್ತಿದೀಯ. ಅಂದ್ರೆ ಬಂದಿತ್ತು. ಬಂದಿತ್ತು ಅಂತ ತಾನೆ ಅರ್ಥ? ಹೇಳು, ಬರೀ ಒಂದ್ಸಲ ತಲೆ ಆಡಿಸು...

ಅಗೋ, ಕೂಗ್ತಿದಾರೆ. ಕೇಳಿಸ್ತಾ, ನನ್ನ ಹೆಸರು. ಎರಡನೇ ಸರದಿ. ಜಾಗ ಸಾಲದೆ ಹೋದೋರು ಇನ್ನೊಂದ್ಸಲ ಇಡಿ ಅಂತ ಹಟ ಮಾಡಿದ್ರು. ನಾನು ಹೋಗಬೇಕು. ನೀನು ಇಲ್ಲೇ ಕೂತಿರು, ಮುಗಿಸಿ ಬರ್ತೀನಿ, ಕೂತು ಮಾತಾಡೋಣ, ನೀನು ಏನು ಹೇಳಿದ್ರೂ...

ಎಲ್ಲಿಗೆ ಎದ್ದೆ? ಹೊರಗಿನ ಬಾಗಿಲು ಈ ಕಡೆ. ಅಲ್ದೆಮಾರ್, ಈ ಕಡೆ! ಅದು ಸಭಾಂಗಣ ಕಣಯ್ಯ, ಅಲ್ಲಿ ಮತ್ತೆ ಅದೇ ತೋರಿಸ್ತೀನಿ, ಹೊಸದೇನೂ ಇಲ್ಲ...

ಓ.

ಟೋಪಿ ಯಾಕೆ ತೆಗೆದೆ? ಇದೇನು ಚರ್ಚಾ? ಹಾಕ್ಕೋ. ಎಲ್ಲರೂ ನೋಡ್ತಿದಾರೆ, ಹಾಕ್ಕೊಳ್ಳೋ... ಹೋಗು ಹಾಗಾದ್ರೆ, ಬೇಡ ಅನ್ನಲ್ಲ, ನೋಡ್ಕೋ, ಕಣ್ತುಂಬ ನೋಡ್ಕೋ. ಆದ್ರೆ ಹಿಂದೆ ಕೂತ್ಕೋ. ಬೆಳಿಗ್ಗೆ ಥರಾನೇ, ಕತ್ತಲಲ್ಲಿ. ಅಯ್ಯೋ, ಮುಂದಕ್ಕೆ ಹೋಗಬೇಡ... ಕೊಂಪಾದ್ರೆ, ಮೊದಲನೇ ಸಾಲು ಬೇಡ. ಅಲ್ಲಿ ಪರದೆ ಬೆಳಕು ಮುಖದ ಮೇಲೆ ಬೀಳುತ್ತೆ. ನಿನ್ನ ಮುಖ ನೋಡ್ಕೊಂಡು ನಾನು ಹೇಗಯ್ಯ ಮಾತಾಡಲಿ?